ಕ್ರಾಸ್‌ವೈರ್ ಬಾಗಿದ ದಿನ

ಇಪ್ಪತ್ತು ವರ್ಷಗಳಿಂದ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ ಸ್ಪೆಕ್ಟ್ರೋಮೀಟರಿನ ದೂರದರ್ಶಕದೊಳಗೆ ಇಣುಕುತ್ತ ಬಂದಿರುವ ನನಗೆ, ಕಳೆದ ವರ್ಷ ಸಂಕ್ರಾಂತಿ ಕಳೆದ ವಾರದ ಒಂದು ಮಧ್ಯಾಹ್ನ, ಅದರ ಕ್ರಾಸ್‌ವೈರಿನ (ಗುರಿ ಹಿಡಿಯಲು ಒಂದನ್ನೊಂದು ಕತ್ತರಿಸುವಂತೆ ಕಟ್ಟಿದ ತಂತಿಗಳ) ಲಂಬ ತಂತಿ ನಡುವಿನಲ್ಲಿ ತುಸು ಬಾಗಿದಂತೆ ಕಂಡಿತು. ಯಾರೋ ಹುಡುಗರು ಐಪೀಸ್ ಬಿಚ್ಚಿ ಕೈಯಾಡಿಸಿದ್ದಾರೆಂದು ಭಾವಿಸಿ ಅವರ ಮೇಲೆ ರೇಗಿಯೂ ಬಿಟ್ಟೆ. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಬಂದು ನೋಡಿ, “ನೆಟ್ಟಗೇ ಇದೆಯಲ್ಲ ಸರ್” ಎಂದಳು. ಬಲಗಣ್ಣಿನಿಂದ ನೋಡಿದಾಗ ನನಗೂ ಅದು ನೆಟ್ಟಗೇ ಇತ್ತು. ಎಡಗಣ್ಣನ್ನು ಇಟ್ಟಾಗ ಮಾತ್ರ ತಂತಿ ಬಾಗುತ್ತಿತ್ತು. ಸೋಡಿಯಂ ದೀಪದ ಹಳದಿ ಗೆರೆಯೂ ಹಳೆಯ ಬಟ್ಟೆಯ ಬಣ್ಣದಂತೆ ಮಂಕಾಗಿ ಕಾಣುತ್ತಿತ್ತು. ದೋಷ ಉಪಕರಣದಲ್ಲಿ ಇಲ್ಲ, ನನ್ನಲ್ಲಿದೆ ಎಂದು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.

ಊರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಚೌಕುಳಿ ಗೆರೆಗಳ ಒಂದು ಕಾಗದ ತೋರಿಸಿ ಎಲ್ಲಿ ಗೆರೆ ಡೊಂಕಾಗಿದೆ ಎಂದು ಕೇಳಿದರು. ಆಮೇಲೆ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ, ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಿಕೊಂಡು ಬನ್ನಿ ಎಂದು ಪಕ್ಕದ ಕೋಣೆಗೆ ಕಳುಹಿಸಿದರು. ಗದ್ದವನ್ನು ಒಂದು ತಟ್ಟೆಯ ಮೇಲೂ ಹಣೆಯನ್ನು ಒಂದು ಪಟ್ಟಿಗೂ ಒತ್ತಿ ಕುಳಿತೆ. (ಮುಟ್ಟದೆ ಮಾಡುವ ಪರೀಕ್ಷೆ ಎನ್ನುತ್ತಾರಾದರೂ ಗದ್ದ ಮತ್ತು ಹಣೆಯ ಮಟ್ಟಿಗೆ ಅದು ನಿಜವಲ್ಲ.) “ಹಸಿರು ಚುಕ್ಕೆ ನೋಡ್ತಾ ಇರಿ ಸರ್, ರೆಪ್ಪೆ ಬಡೀಬೇಡಿ” ಎಂದು ತಂತ್ರಜ್ಞೆ ಹೇಳಿ ಮುಗಿಸುವಷ್ಟರಲ್ಲಿ ಸಣ್ಣ ಕೆಂಪು ಗೆರೆಯೊಂದು ಕಣ್ಣೆದುರು ಮೇಲಿನಿಂದ ಕೆಳಗೆ ಹರಿದುಹೋಯಿತು. ಅಷ್ಟೇ ಪರೀಕ್ಷೆ. ಹೊರಗಿನ ಪರದೆಯ ಮೇಲೆ, ಹೋಳು ಮಾಡಿದ ಹಲಸಿನ ತೊಳೆಯಂತೆ ಪದರಪದರವಾಗಿ ನನ್ನದೇ ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆ, ರೆಟಿನಾ) ಅಡ್ಡಕೊಯ್ತ ಕಾಣುತ್ತಿತ್ತು, ಮತ್ತು ಅದರ ನಟ್ಟನಡುವೆ, ಎಲ್ಲಿ ದೃಷ್ಟಿ ಅತಿ ಚೂಪಾಗಿರಬೇಕೋ ಅಲ್ಲಿಯೇ, ಪದರಗಳನ್ನು ಕೆಳಗಿನಿಂದ ಎತ್ತಿ ಹಿಡಿದ ಒಂದು ಕಪ್ಪು ಬೊಬ್ಬೆ. ಕೊರಾಯ್ಡ್ ಎಂಬ ಹಿಂಭಾಗದ ರಕ್ತನಾಳಗಳ ಪದರದಿಂದ ದ್ರವ ಸೋರಿ ಅಕ್ಷಿಪಟಲದ ಅಡಿಯಲ್ಲಿ ನಿಂತಿತ್ತು. ಸೆಂಟ್ರಲ್ ಸೀರಸ್ ಕೊರಿಯೊರೆಟಿನೋಪತಿ ಎಂಬುದು ಅದರ ಹೆಸರು. ನಡುವಯಸ್ಸಿನ ಗಂಡಸರಲ್ಲಿ ಹೆಚ್ಚು. ಸ್ಟಿರಾಯ್ಡ್ ಔಷಧಗಳೊಂದಿಗೆ ಅದಕ್ಕೆ ನಂಟಿದೆ. ಮೂಗಿಗೆ ಏನಾದರೂ ಸ್ಪ್ರೇ ಬಳಸುತ್ತೀರಾ ಎಂದು ಡಾಕ್ಟರು ಕೇಳಿದ್ದು ಅದಕ್ಕೇ. ಬಹಳಷ್ಟು ಜನರಲ್ಲಿ ಮೂರು ನಾಲ್ಕು ತಿಂಗಳಲ್ಲಿ ತಾನೇ ಇಳಿಯುತ್ತದೆ, ಕಾಯೋಣ ಎಂದರು.

ಕಾಯುವ ಆ ತಿಂಗಳುಗಳಲ್ಲಿ ನನ್ನನ್ನು ಕಾಡಿದ್ದು ರೋಗಕ್ಕಿಂತ ಹೆಚ್ಚಾಗಿ ಆ ಚಿತ್ರ. ನನ್ನ ಕಣ್ಣಿಗೆ ಏನೂ ತಾಗಿರಲಿಲ್ಲ, ಸೂಜಿ ಚುಚ್ಚಿರಲಿಲ್ಲ. ಆದರೂ ಕೂದಲೆಳೆಯ ಹತ್ತನೆಯ ಒಂದು ಪಾಲಿಗೂ ಕಡಿಮೆ ದಪ್ಪದ ಪದರಗಳನ್ನು ಯಾರೋ ಬೇರ್ಪಡಿಸಿ ತೋರಿಸಿದ್ದರು. ಇದು ಹೇಗೆ ಎಂದು ಹುಡುಕುತ್ತ ಹೋದಾಗ, ಉತ್ತರವು ನಾನು ವರ್ಷಕ್ಕೊಮ್ಮೆ ಮಕ್ಕಳಿಂದ ಮಾಡಿಸುತ್ತ, ಸರಿಯಾಗಿ ಬರಲಿಲ್ಲವೆಂದು ಗೊಣಗುತ್ತ ಬಂದ ಪ್ರಯೋಗಗಳಲ್ಲಿಯೇ ಇತ್ತು.

ಮೊದಲ ಕಷ್ಟವೆಂದರೆ ಪಾಪೆ ಕಪ್ಪಾಗಿರುವುದು. ರಾತ್ರಿ ವಾಹನದ ದೀಪಕ್ಕೆ ಬೆಕ್ಕಿನ ಕಣ್ಣೂ ದನದ ಕಣ್ಣೂ ಹೊಳೆಯುತ್ತವೆ. ಅವುಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವಿದೆ. ನಮಗೆ ಆ ಪದರವಿಲ್ಲ, ಆದರೆ ನಮ್ಮ ಕಣ್ಣಿನ ಒಳಗೋಡೆಯೂ ಬಿದ್ದ ಬೆಳಕಿನಲ್ಲಿ ಅಲ್ಪ ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಆ ಬೆಳಕು ಬಂದ ದಾರಿಯಲ್ಲಿಯೇ ದೀಪದತ್ತ ಮರಳುತ್ತದೆ. ನೋಡಬೇಕೆಂದರೆ ನಮ್ಮ ತಲೆ ದೀಪವಿರುವ ಜಾಗದಲ್ಲಿ ಇರಬೇಕು, ತಲೆ ಅಲ್ಲಿಟ್ಟರೆ ದೀಪಕ್ಕೆ ಅಡ್ಡವಾಗುತ್ತದೆ. ಕೋನಿಗ್ಸ್‌ಬರ್ಗಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಈ ಗಂಟನ್ನು ಬಿಚ್ಚಿದ: ಓರೆಯಾಗಿ ಹಿಡಿದ ತೆಳುಗಾಜಿನಿಂದ ದೀಪದ ಬೆಳಕನ್ನು ಕಣ್ಣಿನೊಳಗೆ ಪ್ರತಿಫಲಿಸಿ, ಅದೇ ಗಾಜಿನ ಮೂಲಕ ಮರಳಿ ಬರುವ ಬೆಳಕನ್ನು ನೋಡುವುದು. 1851ರಲ್ಲಿ ಅದನ್ನು ಪ್ರಕಟಿಸಿದ. ಲೆಕ್ಕದ ಯಂತ್ರಕ್ಕೆ ಹೆಸರಾದ ಚಾರ್ಲ್ಸ್ ಬ್ಯಾಬೇಜ್ ಅದಕ್ಕೂ ಮೂರು ವರ್ಷ ಮೊದಲೇ ಇಂಥದೊಂದನ್ನು ಮಾಡಿ ಒಬ್ಬ ಕಣ್ಣಿನ ವೈದ್ಯನಿಗೆ ತೋರಿಸಿದ್ದನಂತೆ. ಆ ವೈದ್ಯನಿಗೆ ಅದರ ಬೆಲೆ ತಿಳಿಯಲಿಲ್ಲ. ಬದುಕಿರುವ ಮನುಷ್ಯನ ರಕ್ತನಾಳಗಳನ್ನು ಚರ್ಮ ಕತ್ತರಿಸದೆ ಅಕ್ಷಿಪಟಲದಲ್ಲಿ ನೇರವಾಗಿ ನೋಡಬಹುದು ಎಂಬುದನ್ನು ನೆನೆದರೆ ಆ ಉಪೇಕ್ಷೆ ಅಚ್ಚರಿಯೆನಿಸುತ್ತದೆ.

ನೋಡಿದ್ದನ್ನು ದಾಖಲಿಸುವುದು ಇನ್ನೂ ಕಷ್ಟವಾಗಿತ್ತು. ಇಂಗ್ಲೆಂಡಿನಲ್ಲಿ ಜ್ಯಾಕ್‌ಮನ್ ಮತ್ತು ವೆಬ್‌ಸ್ಟರ್ ಎಂಬಿಬ್ಬರು 1886ರಲ್ಲಿ ತೆಗೆದ ಫೋಟೋಗೆ ಎರಡೂವರೆ ನಿಮಿಷ ಬೆಳಕು ಬಿಡಬೇಕಾಯಿತು, ಮತ್ತು ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯಾದ ಕಾರ್ನಿಯಾದ ಮೇಲ್ಮೈಯಿಂದ ಮರಳಿದ ದೀಪದ ಹೊಳಪೇ ಚಿತ್ರದಲ್ಲಿ ಎದ್ದು ಕಂಡಿತು. ಬೆಳಕು ಒಳಹೋಗುವ ದಾರಿಯನ್ನೂ ಹೊರಬರುವ ದಾರಿಯನ್ನೂ ಪಾಪೆಯಲ್ಲಿ ಬೇರೆ ಬೇರೆ ಮಾಡಿ ಈ ಹೊಳಪನ್ನು ಕಳೆಯುವ ಉಪಾಯವನ್ನು ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಕಂಡುಕೊಂಡ. ಕಣ್ಣಿನ ಒಳಗೋಡೆಯ ಫೋಟೋ ತೆಗೆಯುವ ಇಂದಿನ ಫಂಡಸ್ ಕ್ಯಾಮೆರಾಗಳೆಲ್ಲ, 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫೋರಸ್ ಹೆಲ್ತ್ ಸಂಸ್ಥೆಯ ‘ತ್ರಿನೇತ್ರ’ವೂ ಸೇರಿ, ಆ ವಂಶದವೇ. ಅವು ಅಕ್ಷಿಪಟಲವನ್ನು ಎದುರಿನಿಂದ ನೋಡುತ್ತವೆ. ನನ್ನ ಬೊಬ್ಬೆ ಅಂಥ ಫೋಟೋದಲ್ಲಿ ಬರಿಯ ಮಸುಕು ವೃತ್ತವಾಗಿ ಕಂಡೀತು, ಎಷ್ಟು ಎತ್ತರವಿದೆ ಎಂದು ಹೇಳಲಾಗದು.

ಇಲ್ಲಿ ಒಂದು ಅಡ್ಡಮಾತು. ತನ್ನ ಅಕ್ಷಿಪಟಲವನ್ನು ತಾನೇ ನೋಡಿಕೊಳ್ಳಬಹುದೇ? ಕಾಗದಕ್ಕೆ ಗುಂಡುಸೂಜಿಯಿಂದ ತೂತು ಮಾಡಿ, ಅದನ್ನು ಕಣ್ಣಿನ ಹತ್ತಿರ ಹಿಡಿದು ಬಿಳಿಯ ಮೋಡದತ್ತ ನೋಡುತ್ತ ಬೇಗಬೇಗನೆ ಅಲುಗಿಸಿದರೆ, ಒಣಗಿದ ಮರದ ಕೊಂಬೆಗಳಂತೆ ತನ್ನದೇ ರಕ್ತನಾಳಗಳ ನೆರಳು ಕಾಣುತ್ತದೆ. ನೆರಳು ಯಾವಾಗಲೂ ಇರುತ್ತದೆ, ಅಲುಗಾಡದ್ದರಿಂದ ಮಿದುಳು ಅದನ್ನು ಮರೆತಿರುತ್ತದೆ. (ಸೂರ್ಯನತ್ತ ಮಾತ್ರ ನೋಡಬಾರದು.) ಸಿ. ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಇನ್ನೊಂದು ದಾರಿ ಹಿಡಿದಿದ್ದರು: ವರ್ಣಪಟಲದ ಒಂದು ಭಾಗವನ್ನು ಮಾತ್ರ ಹೀರುವ ಬಣ್ಣದ ಶೋಧಕವನ್ನು (ಫಿಲ್ಟರ್) ಕಣ್ಣಿಗೆ ಹಿಡಿದು ಪ್ರಕಾಶಮಾನವಾದ ಬಿಳಿ ಪರದೆಯನ್ನು ದಿಟ್ಟಿಸುವುದು, ಆಮೇಲೆ ಥಟ್ಟನೆ ಶೋಧಕವನ್ನು ತೆಗೆಯುವುದು. ಆಗ ಪರದೆಯ ಮೇಲೆ ಕ್ಷಣಕಾಲ ಮೂಡುವ ಆಕೃತಿ ನೋಡುಗನದೇ ಅಕ್ಷಿಪಟಲದ ಹಿಗ್ಗಿದ ಚಿತ್ರ ಎಂದು ಅವರು ವಾದಿಸಿದರು. ಬಣ್ಣದ ದೃಷ್ಟಿಯ ಬಗ್ಗೆ ಅವರು ಇದರಿಂದ ಕಟ್ಟಿದ ಸಿದ್ಧಾಂತವನ್ನು ವಿಜ್ಞಾನ ಲೋಕ ಒಪ್ಪಲಿಲ್ಲ, ನನ್ನ ತಿಳಿವಳಿಕೆಯಲ್ಲಿ ಒಪ್ಪದಿದ್ದುದು ಸರಿಯೂ ಹೌದು. ಅಲ್ಲಿ ಕಾಣುವುದು ಪಟಲದ ಚಿತ್ರಕ್ಕಿಂತ ಹೆಚ್ಚಾಗಿ ಅದರ ದಣಿವಿನ ಚಿತ್ರ. ಆದರೂ ಯಾವ ಯಂತ್ರವೂ ಇಲ್ಲದೆ ಒಂದು ತುಂಡು ಬಣ್ಣದ ಹಾಳೆಯಿಂದ ಇಂಥ ಪ್ರಶ್ನೆಗೆ ಕೈಹಾಕಿದ ಎಂಬತ್ತರ ಸಮೀಪದ ಆ ಹಿರಿಯರನ್ನು ನೆನೆದು, ಬೊಬ್ಬೆಯ ದಿನಗಳಲ್ಲಿ ನಾನೂ ನೇರಳೆ ಹಾಳೆ ಹಿಡಿದು ಮನೆಯ ಗೋಡೆ ದಿಟ್ಟಿಸಿದೆ. ಎಡಗಣ್ಣಿನ ಆಕೃತಿ ಬಲಗಣ್ಣಿನದಕ್ಕಿಂತ ಮಸುಕಾಗಿತ್ತು ಎಂಬುದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

ಆಳವನ್ನು ಅಳೆಯುವುದು ಹೇಗೆ? ಬಾವಲಿ ಮಾಡುವಂತೆ, ಅಲ್ಟ್ರಾಸೌಂಡ್ ಮಾಡುವಂತೆ, ಅಲೆಯನ್ನು ಕಳುಹಿಸಿ ಮರುದನಿ ಎಷ್ಟು ಹೊತ್ತಿಗೆ ಬಂತೆಂದು ನೋಡಬಹುದು. ಆದರೆ ಶಬ್ದಕ್ಕೆ ಗಾಳಿಯ ಅಂತರವನ್ನು ದಾಟಿ ದೇಹದೊಳಗೆ ಹೋಗುವುದು ಕಷ್ಟ, ಅದಕ್ಕೇ ಜೆಲ್ ಹಚ್ಚಿ ಒತ್ತಬೇಕು. ಬೆಳಕಿಗೆ ಆ ತೊಂದರೆಯಿಲ್ಲ, ಕಣ್ಣು ಅದಕ್ಕಾಗಿಯೇ ತೆರೆದ ಕಿಟಕಿ. ಅದರ ತೊಂದರೆ ವೇಗದ್ದು. ಒಂದು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಸಾಗಲು ಬೆಳಕಿಗೆ ಸುಮಾರು 3.3 ಫೆಮ್ಟೋಸೆಕೆಂಡು ಸಾಕು. ಸೆಕೆಂಡಿನ ಕೋಟಿಯ ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಸೆಕೆಂಡು. ಇದನ್ನು ಎಣಿಸುವ ಗಡಿಯಾರವನ್ನು ಎಲೆಕ್ಟ್ರಾನಿಕ್ಸಿನಿಂದ ಮಾಡಲಾಗದು. ಆದ್ದರಿಂದ ಬೆಳಕನ್ನು ಬೆಳಕಿನಿಂದಲೇ ಅಳೆಯಬೇಕು.

ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಬಳಸಿದವರಿಗೆ ಈ ಮಾತು ಬೇಗ ಅರ್ಥವಾದೀತು. ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಒಂದು ಕನ್ನಡಿಗೂ ಇನ್ನೊಂದನ್ನು ಮತ್ತೊಂದು ಕನ್ನಡಿಗೂ ಕಳುಹಿಸಿ, ಮರಳಿದ ಮೇಲೆ ಕೂಡಿಸಿದರೆ ವ್ಯತಿಕರಣದ, ಅಂದರೆ ಎರಡು ಬೆಳಕಿನ ಅಲೆಗಳು ಸೇರಿ ಮೂಡಿಸುವ, ಬೆಳಕು–ಕತ್ತಲೆಯ ಪಟ್ಟಿಗಳು ಕಾಣುತ್ತವೆ. ಸೋಡಿಯಂ ದೀಪದಲ್ಲಿ ಪಟ್ಟಿ ಸಿಗುವುದು ಸುಲಭ. ಅದೇ ಬಿಳಿಯ ಬೆಳಕಿನಲ್ಲಿ ಎರಡು ದಾರಿಗಳ ಉದ್ದ ಕೆಲವೇ ಮೈಕ್ರೋಮೀಟರುಗಳೊಳಗೆ ಸಮವಾದರೆ ಮಾತ್ರ ನಾಲ್ಕಾರು ಬಣ್ಣದ ಪಟ್ಟಿಗಳು ಮಿಂಚಿ, ಸ್ಕ್ರೂ ಸ್ವಲ್ಪ ತಿರುಗಿದರೂ ಮಾಯವಾಗುತ್ತವೆ. ಅವನ್ನು ಹಿಡಿಯಲು ನಾನು ಎಂಎಸ್‌ಸಿಯಲ್ಲಿ ಮೂರು ಮಧ್ಯಾಹ್ನಗಳನ್ನು ಕಳೆದಿದ್ದೆ, ಸಿಟ್ಟಿನಿಂದ. ಓಸಿಟಿಯ ಹುಟ್ಟು ಆ ಸಿಟ್ಟಿನ ಕಾರಣದಲ್ಲಿಯೇ ಇದೆ. ಪಟ್ಟಿ ಕಾಣುವುದು ಎರಡು ದಾರಿಗಳು ಸಮವಾದಾಗ ಮಾತ್ರ ಎಂದಾದರೆ, ಒಂದು ಕನ್ನಡಿಯ ಜಾಗದಲ್ಲಿ ಕಣ್ಣನ್ನು ಇಟ್ಟು, ಇನ್ನೊಂದನ್ನು ಮೆಲ್ಲಗೆ ಸರಿಸುತ್ತ, ಎಲ್ಲೆಲ್ಲಿ ಪಟ್ಟಿ ಮಿಂಚುತ್ತದೆಂದು ಗುರುತಿಸಿದರೆ ಸಾಕು: ಪ್ರತಿ ಮಿಂಚೂ ಅಕ್ಷಿಪಟಲದ ಒಂದು ಪದರದ ಆಳ. ಶುದ್ಧವಾದ ಲೇಸರು ಇಲ್ಲಿ ಕೆಲಸಕ್ಕೆ ಬಾರದು, ಅದರ ಪಟ್ಟಿಗಳು ಎಲ್ಲ ಕಡೆಯೂ ಇರುತ್ತವೆ. ಬಣ್ಣ ಬೆರೆತಷ್ಟೂ, ವರ್ಣಪಟಲ ಅಗಲವಾದಷ್ಟೂ ಅಳತೆಗೋಲಿನ ಗೆರೆ ಸಣ್ಣದಾಗುತ್ತದೆ. 840 ನ್ಯಾನೋಮೀಟರ್ ತರಂಗಾಂತರದ ಸುತ್ತ 50 ನ್ಯಾನೋಮೀಟರ್ ಅಗಲದ ಬೆಳಕು ಕಣ್ಣಿನ ಅಂಗಾಂಶದಲ್ಲಿ ಸುಮಾರು 5 ಮೈಕ್ರೋಮೀಟರ್ ಆಳದ ವ್ಯತ್ಯಾಸವನ್ನು ಬೇರ್ಪಡಿಸಬಲ್ಲದು. 840 ಎಂದರೆ ಪಠ್ಯಪುಸ್ತಕದ ಪ್ರಕಾರ ಕಾಣದ ಅವಕೆಂಪು. ನನಗೆ ಕಂಡ ಆ ಕೆಂಪು ಗೆರೆ, ಕಣ್ಣು ಪಠ್ಯಪುಸ್ತಕದ ಗಡಿಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ ಎಂಬುದರ ಗುರುತು.

ಈ ಉಪಾಯ ಒಬ್ಬರದೇ ಅಲ್ಲ. ವಿಯೆನ್ನಾದ ಅಡಾಲ್ಫ್ ಫೆರ್ಷರ್ 1980ರ ದಶಕದಲ್ಲಿಯೇ ಹೀಗೆ ಕಣ್ಣಿನ ಉದ್ದವನ್ನು ಅಳೆಯುವ ಕೆಲಸ ಮಾಡಿದ್ದರು. (ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು, ಯಾವ ಶಕ್ತಿಯ ಮಸೂರ ಬೇಕೆಂದು ನೋಡಲು, ಕಣ್ಣಿಗೆ ತಾಗಿಸದೆ ಉದ್ದ ಅಳೆಯುವ ಯಂತ್ರ ಅದರ ಫಲ; ನಮ್ಮ ಮನೆಯ ಹಿರಿಯರಲ್ಲಿ ಹಲವರು ಹೆಸರು ತಿಳಿಯದೆಯೇ ಅದರ ಮುಂದೆ ಕುಳಿತು ಬಂದಿದ್ದಾರೆ.) ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೇಮ್ಸ್ ಫುಜಿಮೋಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಸತ್ತ ಅಂಗಾಂಶದ ಅಡ್ಡಕೊಯ್ತವನ್ನು ಈ ವಿಧಾನದಿಂದ ಮೂಡಿಸಿ ತೋರಿಸಿದರು, ಬದುಕಿರುವ ಮನುಷ್ಯರ ಅಕ್ಷಿಪಟಲದ ಚಿತ್ರಗಳು 1993ರಲ್ಲಿ ಎರಡೂ ಕಡೆಯಿಂದ ಬಂದವು. ಮಾರುಕಟ್ಟೆಗೆ ಯಂತ್ರ ಬಂದದ್ದು 1996ರಲ್ಲಿ.

ಕಣ್ಣು ಮಾತ್ರ ಕಲ್ಲಿನಂತೆ ನಿಲ್ಲುವುದಿಲ್ಲ, ದಿಟ್ಟಿಸುತ್ತಿದ್ದಾಗಲೂ ಸಣ್ಣಗೆ ಅದುರುತ್ತದೆ. ಮೊದಲ ಯಂತ್ರಗಳು ಸೆಕೆಂಡಿಗೆ 100 ಗೆರೆಗಳಷ್ಟೇ (ಒಂದು ಗೆರೆಯೆಂದರೆ ಒಂದು ಬಿಂದುವಿನಲ್ಲಿ ಆಳದ ಒಂದು ಅಳತೆ) ಓದುತ್ತಿದ್ದವು, ಆಮೇಲೆ 400. ಒಂದು ಚಿತ್ರ ಮುಗಿಯುವುದರೊಳಗೆ ಕಣ್ಣು ಜರುಗಿ ಪದರಗಳು ಅಲೆಅಲೆಯಾಗುತ್ತಿದ್ದವು. ಕನ್ನಡಿಯನ್ನು ಸರಿಸುವುದನ್ನೇ ಕೈಬಿಟ್ಟ ಮೇಲೆ ಸಮಸ್ಯೆ ಬಗೆಹರಿಯಿತು. ಗಾಳಿಯ ತೆಳುಪದರದ ಮೂಲಕ ಬಂದ ಬಿಳಿ ಬೆಳಕನ್ನು ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದರೆ ವರ್ಣಪಟಲದ ಉದ್ದಕ್ಕೂ ಕಪ್ಪು ಪಟ್ಟಿಗಳು ಕಾಣುತ್ತವೆ. ಎಡ್ಸರ್ ಮತ್ತು ಬಟ್ಲರ್ ಅವರ ಹೆಸರಿನ ಈ ಪ್ರಯೋಗ ನಮ್ಮ ಪದವಿ ತರಗತಿಗಳಿಗೆ ಹಳೆಯ ಪರಿಚಯ. ಪದರ ದಪ್ಪವಾದಷ್ಟೂ ಪಟ್ಟಿಗಳು ಒತ್ತೊತ್ತಾಗುತ್ತವೆ. ಅಕ್ಷಿಪಟಲದ ಪ್ರತಿ ಪದರವೂ ತನ್ನ ಆಳಕ್ಕೆ ತಕ್ಕ ಒತ್ತಾದ ಪಟ್ಟಿಗಳನ್ನು ಒಂದೇ ವರ್ಣಪಟಲದ ಮೇಲೆ ಬರೆಯುತ್ತದೆ. ಕಲಸಿಹೋದ ಆ ಬರಹವನ್ನು ಬೆರೆತ ಅಲೆಗಳನ್ನು ಬೇರ್ಪಡಿಸುವ ಫೂರಿಯೆ ಗಣಿತದಿಂದ ಬಿಡಿಸಿದರೆ ಎಲ್ಲ ಆಳಗಳೂ ಒಮ್ಮೆಗೇ ದೊರೆಯುತ್ತವೆ. ಬದುಕಿರುವ ಕಣ್ಣಿನಲ್ಲಿ ಇದನ್ನು 2002ರಲ್ಲಿ ಮಾಡಿ ತೋರಿಸಿದವರು ಪೋಲೆಂಡಿನ ಟೊರುನ್ ನಗರದವರು, ಕೊಪರ್ನಿಕಸ್ ಹುಟ್ಟಿದ ಊರಿನವರು. ಈಗಿನ ಸಾಧಾರಣ ಯಂತ್ರವೂ ಸೆಕೆಂಡಿಗೆ ಹತ್ತಾರು ಸಾವಿರ ಗೆರೆ ಓದುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ, ಬದಲಾದದ್ದೆಲ್ಲ ಹರಿಯುವ ರಕ್ತ ಎಂದು ಗುರುತಿಸಿ, ಬಣ್ಣದ ಚುಚ್ಚುಮದ್ದಿಲ್ಲದೆ ರಕ್ತನಾಳಗಳ ನಕ್ಷೆಯನ್ನು ಬಿಡಿಸುವ ಯಂತ್ರಗಳೂ ಇವೆ. ನನ್ನ ಅನೇಕ ಸಹೋದ್ಯೋಗಿಗಳು ಎಡ್ಸರ್–ಬಟ್ಲರ್ ಪ್ರಯೋಗವನ್ನು ಕೆಲಸಕ್ಕೆ ಬಾರದ ಹಳೆಯ ಸರಕೆಂದು ಕೈಬಿಡಬೇಕೆನ್ನುತ್ತಾರೆ. ಈ ವರ್ಷದ ಸಭೆಯಲ್ಲಿ ನಾನು ನನ್ನ ಸ್ಕ್ಯಾನಿನ ಹಾಳೆಯನ್ನು ಒಯ್ದಿದ್ದೆ.

ಆ ಹಾಳೆಯನ್ನು ಓದುವಾಗ ಎಚ್ಚರ ಬೇಕು ಎಂಬುದನ್ನೂ ಹೇಳಬೇಕು. ನನ್ನ ಬೊಬ್ಬೆ ಚಿತ್ರದಲ್ಲಿ ಬೆಟ್ಟದಂತೆ ಕಂಡಿತ್ತು. ಅಳತೆ ನೋಡಿದರೆ ಎತ್ತರ 280 ಮೈಕ್ರೋಮೀಟರ್, ಅಗಲ ಮೂರು ಮಿಲಿಮೀಟರು: ಬೆಟ್ಟವಲ್ಲ, ನೆಲದ ಸಣ್ಣ ಉಬ್ಬು. ಪದರಗಳು ಬಿಡಿಯಾಗಿ ಕಾಣಲೆಂದು ಲಂಬ ದಿಕ್ಕನ್ನು ಹಿಗ್ಗಿಸಿ ಮುದ್ರಿಸುತ್ತಾರೆ. ಬಣ್ಣಗಳೂ ಕಣ್ಣಿನವಲ್ಲ, ಮರಳಿದ ಬೆಳಕಿನ ಪ್ರಮಾಣಕ್ಕೆ ಕಂಪ್ಯೂಟರು ಹಚ್ಚಿದವು. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ರೋಗದ ಪರೀಕ್ಷೆಯ ಹಾಳೆಯಲ್ಲಿ ನರತಂತುಗಳ ದಪ್ಪವನ್ನು ಅದೇ ವಯಸ್ಸಿನ ಆರೋಗ್ಯವಂತರ ಅಂಕಿಗಳೊಂದಿಗೆ ಹೋಲಿಸಿ ಹಸಿರು, ಹಳದಿ, ಕೆಂಪು ಹಚ್ಚುತ್ತಾರೆ. ಮೈನಸ್ ಏಳು, ಎಂಟರ ಕನ್ನಡಕದವರ ಉದ್ದನೆಯ ಕಣ್ಣು ಆ ಗುಂಪಿಗೆ ಹೊಂದದೆ, ರೋಗವಿಲ್ಲದೆಯೂ ಕೆಂಪು ಬೀಳುವುದುಂಟು. ನಮ್ಮ ಬಂಧುವೊಬ್ಬಳು ಅಂಥ ಹಾಳೆಯನ್ನು ಹಿಡಿದು ವಾರವಿಡೀ ನಿದ್ದೆಗೆಟ್ಟಿದ್ದಳು. ಹಾಳೆಯನ್ನು ರೋಗಿಯ ಕೈಗೆ ಕೊಡುವಾಗ ಎರಡು ಮಾತಿನ ವಿವರಣೆಯನ್ನೂ ಕೊಡುವುದು ಯಂತ್ರಕ್ಕೆ ಸಾಧ್ಯವಿಲ್ಲ, ಮನುಷ್ಯರಿಗೆ ಸಾಧ್ಯ.

ಆಳದಲ್ಲಿ ಇಷ್ಟು ಚೂಪಾಗಿರುವ ಓಸಿಟಿ ಅಡ್ಡಡ್ಡಲಾಗಿ ಅಷ್ಟು ಚೂಪಲ್ಲ. ಆಳವನ್ನು ನಿರ್ಧರಿಸುವುದು ದೀಪದ ವರ್ಣಪಟಲ; ಅಡ್ಡ ದಿಕ್ಕಿನ ಸೂಕ್ಷ್ಮತೆ ಕಣ್ಣಿನ ಸ್ವಂತ ಮಸೂರ ಮತ್ತು ಕಾರ್ನಿಯಾದ ಗುಣವನ್ನು ಅವಲಂಬಿಸಿದೆ, ಅವೆರಡೂ ಕೊರತೆಯಿಲ್ಲದವಲ್ಲ. ಗಾಳಿಯ ಕದಲಿಕೆಯಿಂದ ನಕ್ಷತ್ರ ಮಿನುಗುವುದನ್ನು ತಡೆಯಲು ಖಗೋಳಜ್ಞರು ಕ್ಷಣಕ್ಷಣವೂ ಆಕಾರ ಬದಲಿಸುವ ಕನ್ನಡಿಯನ್ನು ಬಳಸುತ್ತಾರೆ. ಅದೇ ಉಪಾಯವನ್ನು ಅಮೆರಿಕದ ರಾಚೆಸ್ಟರಿನಲ್ಲಿ ಡೇವಿಡ್ ವಿಲಿಯಮ್ಸ್ ಮತ್ತು ಸಂಗಡಿಗರು 1997ರಲ್ಲಿ ಕಣ್ಣಿಗೆ ಅಳವಡಿಸಿ, ಬದುಕಿರುವ ಮನುಷ್ಯನ ಶಂಕುಕೋಶಗಳನ್ನು (ಬಣ್ಣವನ್ನು ಗ್ರಹಿಸುವ ಅಕ್ಷಿಪಟಲದ ಕೋಶಗಳು) ಒಂದೊಂದಾಗಿ ನೋಡಿದರು. 1999ರಲ್ಲಿ ಆಸ್ಟಿನ್ ರೂರ್ಡಾ ಮತ್ತು ವಿಲಿಯಮ್ಸ್ ಅವುಗಳ ಮೂರು ಬಗೆಗಳನ್ನೂ ವಿಂಗಡಿಸಿದಾಗ ಸೋಜಿಗವೊಂದು ಹೊರಬಿತ್ತು. ಸಹಜ ಬಣ್ಣದೃಷ್ಟಿಯ ಇಬ್ಬರಲ್ಲಿ, ಒಬ್ಬನಲ್ಲಿ ಕೆಂಪಿನ ಮತ್ತು ಹಸಿರಿನ ಕೋಶಗಳು ಹೆಚ್ಚುಕಡಿಮೆ ಸಮವಾಗಿದ್ದರೆ, ಇನ್ನೊಬ್ಬನಲ್ಲಿ ಕೆಂಪಿನವು ಸುಮಾರು ನಾಲ್ಕು ಪಟ್ಟು ಇದ್ದವು. ಇಬ್ಬರಿಗೂ ಹಳದಿ ಹಳದಿಯೇ.

ಮುಟ್ಟದೆ ನೋಡಲಾಗದ ಕಣ್ಣುಗಳೂ ಇವೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಗದ್ದ ಊರಿ ಹಸಿರು ಚುಕ್ಕೆ ನೋಡು ಎನ್ನಲು ಆಗದು. ಅಕ್ಷಿಪಟಲದ ಅಂಚಿನಲ್ಲಿ ಅಡ್ಡಾದಿಡ್ಡಿ ಬೆಳೆಯುವ ರಕ್ತನಾಳಗಳನ್ನು ವಾರಗಳೊಳಗೆ ಕಂಡುಹಿಡಿಯದಿದ್ದರೆ ಮಗು ಕುರುಡಾಗಬಹುದು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆಯ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ಜೆಲ್ ಹಚ್ಚಿದ ಕ್ಯಾಮೆರಾವನ್ನು ಶಿಶುವಿನ ಕಾರ್ನಿಯಾಕ್ಕೆ ಮೆದುವಾಗಿ ತಾಗಿಸಿ ಚಿತ್ರ ತೆಗೆಯುತ್ತಾರೆ. ದೂರದ ತಜ್ಞರು ಅದನ್ನು ನೋಡಿ ತೀರ್ಪು ಹೇಳುತ್ತಾರೆ. ಗದ್ದದ ತಟ್ಟೆಯ ಸೌಲಭ್ಯ ಎಷ್ಟು ದೊಡ್ಡದೆಂಬುದು ನನಗೆ ತಿಳಿದದ್ದು ಆ ಕೆಲಸದ ಬಗ್ಗೆ ಓದಿದಾಗ.

ನನ್ನ ಎರಡನೆಯ ಸ್ಕ್ಯಾನು ಮಾರ್ಚಿನಲ್ಲಿ, ಮೂರನೆಯದು ಮೇ ತಿಂಗಳಿನಲ್ಲಿ ಆಯಿತು. ಯಂತ್ರವು ರಕ್ತನಾಳಗಳ ಗುರುತು ಹಿಡಿದು ಪ್ರತಿ ಸಲವೂ ಅದೇ ಗೆರೆಯ ಮೇಲೆ ಬಂದು ನಿಂತಿತ್ತು. 280 ಇದ್ದದ್ದು 110ಕ್ಕೆ ಇಳಿದು, ಕೊನೆಯ ಚಿತ್ರದಲ್ಲಿ ದ್ರವವೇ ಇರಲಿಲ್ಲ. ಕ್ರಾಸ್‌ವೈರ್ ನೆಟ್ಟಗಾಯಿತು. ಸೋಡಿಯಂ ಗೆರೆ ಮಾತ್ರ ಎಡಗಣ್ಣಿಗೆ ಇನ್ನೂ ತುಸು ಮಂಕು. ಡಾಕ್ಟರನ್ನು ಕೇಳಿದಾಗ ಅವರು ಚಿತ್ರವನ್ನು ದೊಡ್ಡದು ಮಾಡಿ, ಶಂಕುಕೋಶಗಳ ಹೊರತುದಿಯ ಬಳಿಯ ಬಿಳಿ ಗೆರೆಯೊಂದು ನಡುವಿನಲ್ಲಿ ಒಂದು ಕಡೆ ಹರಿದಂತಿರುವುದನ್ನು ಬೆರಳಿನಿಂದ ತೋರಿಸಿ, “ಇದು ಕೂಡಿಕೊಳ್ಳೋಕೆ ಇನ್ನೂ ಸಮಯ ಬೇಕು” ಎಂದರು. ಈಗ ಸ್ಪೆಕ್ಟ್ರೋಮೀಟರಿನ ವರ್ನಿಯರ್ (ಸೂಕ್ಷ್ಮ ಅಳತೆಪಟ್ಟಿ) ಓದುವ ಕೆಲಸವನ್ನು ಬಲಗಣ್ಣಿಗೆ ಬಿಟ್ಟಿದ್ದೇನೆ. ವಾರಕ್ಕೊಮ್ಮೆ, ಹುಡುಗರು ಹೋದ ಮೇಲೆ, ದೀಪ ಆರಿಸುವ ಮುನ್ನ, ಎಡಗಣ್ಣಿನಿಂದ ಆ ಹಳದಿ ಗೆರೆಯನ್ನೊಮ್ಮೆ ನೋಡುತ್ತೇನೆ.